ಕಾಗಿಣಾ ಉಕ್ಕಿದ ರಾತ್ರಿ, ನೆಲ ಬಿಡದ ಟಯರು

"ಖಣಿ ತುಂಬ್ಲಾಕತ್ತದ ತಮ್ಮಾ. ಮಕ್ಕಳು ಮರಿ ಎಲ್ಲಾ ಇಲ್ಲೇ ಅವ. ಹೊಳಿ ಸಪ್ಪಳ ಹತ್ರ ಬಂದದ..."

ಕಾಕಾನ ಫೋನು ಅಲ್ಲಿಗೆ ಕಡಿಯಿತು. ಮತ್ತೆ ಹಚ್ಚಿದೆ. ಹತ್ತಲಿಲ್ಲ. ಮತ್ತೆ ಹಚ್ಚಿದೆ. ಇಲ್ಲ.

2020ರ ಅಕ್ಟೋಬರ್ 13ರ ರಾತ್ರಿ. ಅಂದು ಬೆಳಿಗ್ಗೆ ಕಾಕಿನಾಡದ ಹತ್ತಿರ ದಡ ಹಾಯ್ದ ವಾಯುಭಾರ ಕುಸಿತ ಹೈದರಾಬಾದನ್ನು ಮುಳುಗಿಸುತ್ತ ಪಶ್ಚಿಮಕ್ಕೆ ಸರಿದು ನಮ್ಮ ನೆತ್ತಿಯ ಮೇಲೂ ಬಂದಿತ್ತು. ಶಹಾಬಾದದ ಓಣಿಗಳಲ್ಲಿ ಕರೆಂಟಿಲ್ಲ. ತಗಡಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ.

ಕಾಗಿಣೆಯ ಹಾದಿ ಬಲ್ಲವರಿಗೆ ಆ ಫೋನಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಈ ಹೊಳೆ ಹುಟ್ಟುವುದು ತೆಲಂಗಾಣದ ಕಡೆ. ಚಿಂಚೋಳಿಯ ಮುಲ್ಲಾಮಾರಿಯೂ ಬೆಣ್ಣೆತೊರೆಯೂ ಬಂದು ಸೇರುವುದು ಇದನ್ನೇ. ರಾಷ್ಟ್ರಕೂಟರು ಆಳಿದ ಮಳಖೇಡದ ಕೋಟೆಯ ಪಕ್ಕ ಹಾಯ್ದು, ಶಹಾಬಾದ ಮತ್ತು ವಾಡಿಯ ನಡುವೆ ನುಗ್ಗಿ, ಹೊನಗುಂಟಾದ ಹತ್ತಿರ ಭೀಮೆಗೆ ಬೀಳುತ್ತದೆ. ಮೇಲಿನ ತಾಲ್ಲೂಕುಗಳಲ್ಲಿ ಸುರಿದದ್ದೆಲ್ಲ ಕೊನೆಗೆ ಬರುವುದು ನಮ್ಮ ಬಾಗಿಲಿಗೇ. ಭೀಮೆಯೂ ತುಂಬಿದ್ದರೆ ಕಾಗಿಣೆಯ ನೀರಿಗೆ ಮುಂದೆ ಜಾಗವಿಲ್ಲ. ಅದು ಹಿಂದಕ್ಕೆ ಒತ್ತುತ್ತದೆ, ದಡ ಬಿಟ್ಟು ಹೊಲಕ್ಕೆ ಏರುತ್ತದೆ. ಕಾಕಾನ ಶೆಡ್ಡು ಇದ್ದದ್ದು ಹೊಳೆಗೂ ಹಳೆಯ ಫರಸಿ ಖಣಿಗೂ ನಡುವಿನ ಪಟ್ಟಿಯಲ್ಲಿ. ಒಂದು ಬದಿಯಿಂದ ಹೊಳೆ, ಇನ್ನೊಂದು ಬದಿಯಿಂದ ತುಂಬುತ್ತಿರುವ ಖಣಿ. ನಡುವೆ ಕಾಕಾ, ಕಾಕು, ಕಲ್ಲು ಒಡೆಯುವವರ ಕುಟುಂಬಗಳು.

ನಾನು ನಮ್ಮ ಫೋರ್ ವೀಲ್ ಗಾಡಿಯ ಕೀಲಿ ತೆಗೆದುಕೊಂಡು ಓಡಿದೆ. ಕಾಕಾನ ಮಗ ಹಿಂದೆಯೇ ಬಂದ. ಗ್ಯಾರೇಜಿನ ಚಾಚಾನನ್ನು ಎಬ್ಬಿಸಲು ಹೋದರೆ ಮುದುಕ ಆಗಲೇ ಪ್ಲಾಸ್ಟಿಕ್ ಹೊದ್ದು ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಬ್ಯಾಟರಿ, ಬಗಲಲ್ಲಿ ಹವಾ ನೋಡುವ ಮೀಟರು, 12 ವೋಲ್ಟಿನ ಸಣ್ಣ ಪಂಪು.

"ಚಲ್ ಬೇಟಾ. ಗಾಡಿ ನಾ ಎತ್ತರ ಮಾಡೀನಿ, ಅದು ಎಲ್ಲಿ ನಿಲ್ತದ ಅನ್ನೋದು ನಂಗೇ ಗೊತ್ತದ."

ಎರಿ ಮಣ್ಣು

ಡಾಂಬರು ಮುಗಿದ ಕಡೆ ಚಾಚಾ ಗಾಡಿ ನಿಲ್ಲಿಸಲು ಹೇಳಿದ. ಮುಂದೆ ಎರಿ ಹೊಲ. ಒಣಗಿದಾಗ ಕಾಲು ತೂರುವಷ್ಟು ಬಿರುಕು ಬಿಡುವ ಈ ಕಪ್ಪು ಮಣ್ಣು ನೀರು ಕುಡಿದರೆ ಉಬ್ಬುತ್ತದೆ. ಅದರ ಜೇಡಿಯ ಗುಣವೇ ಅದು. ಮೇಲಿನ ಪದರ ನಾದಿದ ಜೋಳದ ಹಿಟ್ಟಿನ ಹಾಗೆ ಗಾಲಿಗೆ ಮೆತ್ತಿಕೊಳ್ಳುತ್ತದೆ. ಮೆತ್ತಿಕೊಂಡದ್ದು ಉದುರದಿದ್ದರೆ ಟಯರಿನ ಹಲ್ಲುಗಳೆಲ್ಲ ಮುಚ್ಚಿ ಹೋಗುತ್ತವೆ. ಆಮೇಲೆ ಎಷ್ಟು ರೇಸು ಕೊಟ್ಟರೂ ಗಾಲಿ ಇದ್ದಲ್ಲೇ ಸುತ್ತುತ್ತದೆ, ಗಾಡಿ ಕುಳಿತುಬಿಡುತ್ತದೆ.

"ಹವಾ ಇಳಸ್ರಿ!"

ನಾಲ್ಕೂ ಗಾಲಿಯ ಮುಂದೆ ಮೊಣಕಾಲೂರಿದೆವು. 32 ಪಿಎಸ್‌ಐ ಇದ್ದ ಹವಾ 20ಕ್ಕೆ ಇಳಿಯಿತು. ಹವಾ ಇಳಿದಾಗ ಟಯರು ಅಡ್ಡಕ್ಕಿಂತ ಉದ್ದಕ್ಕೆ ಹೆಚ್ಚು ಚಾಚಿಕೊಳ್ಳುತ್ತದೆ, ನೆಲ ಮುಟ್ಟುವ ಅಚ್ಚು ಉದ್ದವಾಗುತ್ತದೆ, ಭಾರ ಹಂಚಿಹೋಗುತ್ತದೆ. ಇನ್ನೂ ಇಳಿಸಬಹುದಿತ್ತು. ಆದರೆ ತೀರ ಇಳಿದರೆ ತಿರುವಿನಲ್ಲಿ ಟಯರು ಡಿಸ್ಕಿನ ಅಂಚು ಬಿಟ್ಟು ಹೊರಬರುತ್ತದೆ. ಈ ಕತ್ತಲಲ್ಲಿ ಅದನ್ನು ಮತ್ತೆ ಕೂರಿಸುವವರು ಯಾರು?

ಫೋರ್ ಲೋ. ಎರಡನೇ ಗೇರು. ಹೊರಟೆವು.

ಮೊದಲ ನೂರು ಮಾರು ಗಾಡಿ ತೇಲಿದ ಹಾಗಾಯಿತು. ಬಾಲ ಬಲಕ್ಕೆ ಜಾರಿತು, ಎಡಕ್ಕೆ ಜಾರಿತು. "ಕಾಲು ತೆಗೀಬ್ಯಾಡ! ಸ್ಟೇರಿಂಗ್ ಅಲ್ಲಾಡಸು, ಸಣ್ಣಗ, ಎಡಕ ಬಲಕ!" ಚಾಚಾ ಕೂಗುತ್ತಿದ್ದ. ಸ್ಟೇರಿಂಗ್ ಅಲುಗಿದಂತೆ ಟಯರಿನ ಭುಜದ ದಪ್ಪ ಹಲ್ಲುಗಳು ತಗ್ಗಿನ ಗೋಡೆಯನ್ನು ಕಚ್ಚಿದವು. ಹಿಡಿಗಟ್ಟಲೆ ರಾಡಿ ಮಡಗಾರ್ಡಿಗೆ ಬಡಿದು ಸಿಡಿಯಿತು. ಆ ಬಡಿತ ಕೇಳಿದಾಗ ಜೀವ ಬಂತು. ಟಯರು ಮಣ್ಣು ಉಗುಳುತ್ತಿದೆ, ಹಲ್ಲು ಮುಚ್ಚಿಲ್ಲ.

ಬೇಸಗೆಯಲ್ಲಿ ಟಯರು ಆರಿಸುವಾಗ ನಡೆದ ಜಗಳವೆಲ್ಲ ಇದಕ್ಕಾಗಿಯೇ ಆಗಿತ್ತು. ಕಾಕಾನ ಮಗನಿಗೆ ಬೇಕಿದ್ದದ್ದು 285/75 ಆರ್ 16. ಮಂದಿ 33 ಇಂಚು ಅನ್ನುವ ಅಗಲವಾದ ಟಯರು, ನಿಂತಲ್ಲೇ ಗಾಡಿಗೆ ಗತ್ತು. ಚಾಚಾ ತಲೆ ಅಲ್ಲಾಡಿಸಿದ್ದ. "ನಿಮ್ಮ ಅಜ್ಜನ ಬಂಡಿ ಗಾಲಿ ನೋಡಿ ಏನು? ಎತ್ತರ ಎಷ್ಟಿತ್ತು, ಅಗಲ ಎಷ್ಟಿತ್ತು?" ಈ ಎರಿ ನಾಡಿನ ಬಂಡಿಯ ಗಾಲಿ ಎತ್ತರ, ಪಟ್ಟಿ ಮಾತ್ರ ಸಣ್ಣದು. ಮೇಲಿನ ರಾಡಿಯನ್ನು ಸೀಳಿ ಕೆಳಗಿನ ಗಟ್ಟಿ ಪದರ ಮುಟ್ಟುವುದು ಅದರ ಕೆಲಸ. ಮರಳಿನಲ್ಲಿ ಅಗಲ ಬೇಕು, ಏಕೆಂದರೆ ಅಲ್ಲಿ ಮೇಲೆ ತೇಲಬೇಕು. ತಳದಲ್ಲಿ ಗಟ್ಟಿ ನೆಲವಿರುವ ಕೆಸರಿನಲ್ಲಿ ಎತ್ತರ ಬೇಕು, ಹಲ್ಲುಗಳ ನಡುವೆ ಜಾಗ ಬೇಕು. ಹೀಗೆ ನಾವು ಹಾಕಿಸಿದ್ದು 265/75 ಆರ್ 16 ಮಡ್ ಟೆರೇನ್.

ಇಪ್ಪತ್ತೇಳು ಮಿಲಿಮೀಟರು

ಧಡ್!

ಗಾಡಿಯ ಹೊಟ್ಟೆಗೆ ಏನೋ ಉಜ್ಜಿತು. ಟ್ರ್ಯಾಕ್ಟರು ಓಡಾಡಿ ಬಿದ್ದ ಎರಡು ಆಳದ ಕೊರಕಲುಗಳ ನಡುವೆ ದಿಂಡು ಎದ್ದಿತ್ತು. ಎರಡೂ ಗಾಲಿ ಕೊರಕಲಿನಲ್ಲಿ, ಹಿಂದಿನ ಹೌಸಿಂಗ್ ದಿಂಡಿನ ಮೇಲೆ. ಅದು ಕೂತರೆ ಗಾಲಿಗಳು ನೆಲ ಬಿಡುತ್ತವೆ, ಕಥೆ ಅಲ್ಲಿಗೆ ಮುಗಿಯಿತು.

ಉಜ್ಜಿತು. ಉಜ್ಜುತ್ತ ಉಜ್ಜುತ್ತ ದಾಟಿತು.

ಗಾಡಿ ಎತ್ತರಿಸಿದರೆ ಎಲ್ಲವೂ ಎತ್ತರವಾಯಿತು ಎಂದು ತಿಳಿಯುವವರು ಬಹಳ. ಪಾಟಾ, ಸ್ಪ್ರಿಂಗು ಬದಲಿಸಿದರೆ ಮೇಲೇಳುವುದು ಚಾಸಿ, ಬಾಡಿ. ಹಿಂದಿನ ಇರಚಿನ ನಡುವಿನ ಆ ದಪ್ಪ ಹೌಸಿಂಗ್ ಇದ್ದಲ್ಲೇ ಇರುತ್ತದೆ. ಅದನ್ನು ಮೇಲೆತ್ತುವುದು ಟಯರು ಮಾತ್ರ. ಲೆಕ್ಕ ನೋಡಿ. ಗಾಡಿಯ ಜೊತೆ ಬಂದ ಟಯರು 245/70 ಆರ್ 16. ಅಂದರೆ ಅಗಲ 245 ಮಿಲಿಮೀಟರು, ಬದಿಗೋಡೆಯ ಎತ್ತರ ಆ ಅಗಲದ ನೂರಕ್ಕೆ 70 ಪಾಲು, ಡಿಸ್ಕು 16 ಇಂಚು. ಒಟ್ಟು ಎತ್ತರ ಸುಮಾರು 749 ಮಿಲಿಮೀಟರು. ನಾವು ಹಾಕಿಸಿದ್ದರ ಎತ್ತರ 804. ಹೆಚ್ಚಾದದ್ದು 55, ಆದರೆ ಅದರ ಅರ್ಧ ಇರಚಿನ ಮೇಲೆ ಹೋಗುತ್ತದೆ. ಹೌಸಿಂಗಿನ ಕೆಳಗೆ ಸಿಕ್ಕಿದ್ದು 27 ಮಿಲಿಮೀಟರು. ಎರಡು ಬೆರಳಿನ ಅಗಲವೂ ಪೂರ್ತಿ ಆಗಲಿಲ್ಲ.

ಅಂದು ರಾತ್ರಿ ನಮ್ಮನ್ನು ದಾಟಿಸಿದ್ದು ಅಷ್ಟೇ ಅಂತರ.

ಹಳ್ಳದ ಬಾಯಲ್ಲಿ

ಹೆಡ್‌ಲೈಟಿನ ಬೆಳಕು ಒಮ್ಮೆಲೇ ನೀರಿನ ಮೇಲೆ ಬಿತ್ತು. ಬೇಸಗೆಯಲ್ಲಿ ಕಾಲು ಒದ್ದೆಯಾಗದೆ ದಾಟುವ ಹಳ್ಳ ಈಗ ಕಂದು ಬಣ್ಣದಲ್ಲಿ, ಸದ್ದು ಮಾಡುತ್ತ, ಎಡದಿಂದ ಬಲಕ್ಕೆ ಓಡುತ್ತಿದೆ. ಆಚೆ ದಡ ಕಾಣುತ್ತಿದೆ. ದೂರವೇನಿಲ್ಲ. ಆಚೆಗೆ ಹೋದರೆ ಶೆಡ್ಡು.

"ಅಣ್ಣಾ, ಹೊಡಿ! ಟಯರ್ ಅರ್ಧನೂ ಮುಣಗಂಗಿಲ್ಲ!" ಕಾಕಾನ ಮಗನ ದನಿ ಒಡೆದಿತ್ತು. ಆಚೆ ಇದ್ದದ್ದು ಅವನ ಅವ್ವ, ಅಪ್ಪ.

ಚಾಚಾ ಕೆಳಗಿಳಿದ. ಉದ್ದನೆಯ ಬಡಿಗೆಯೊಂದನ್ನು ನೀರಿಗೆ ಚುಚ್ಚಿದ. ಹಿಡಿದ ಕೈಯಿಂದ ನೀರು ಅದನ್ನು ಕಿತ್ತುಕೊಂಡು ಹೋಯಿತು. ಚಾಚಾ ತಿರುಗಿ ಬಂದು ಬಾಗಿಲು ಹಾಕಿಕೊಂಡು ಒಂದೇ ಮಾತು ಹೇಳಿದ: "ರಿವರ್ಸ್."

ನಿಂತ ನೀರು ಬೇರೆ, ಹರಿಯುವ ನೀರು ಬೇರೆ. ಓಡುವ ನೀರು ಎರಡು ಅಡಿ ಇದ್ದರೆ ಸಾಕು, ಬಹುತೇಕ ಗಾಡಿಗಳನ್ನು ಹೊತ್ತೊಯ್ಯುತ್ತದೆ. ಟಯರು ದೊಡ್ಡದಿದ್ದರೆ ಉಳಿಯುತ್ತೇವೆ ಎಂಬ ನಂಬಿಕೆ ಜೀವ ತೆಗೆಯುತ್ತದೆ. ಟಯರಿನೊಳಗೆ ಇರುವುದು ಗಾಳಿ. ನಮ್ಮಂಥ ಟಯರು ಪೂರ್ತಿ ಮುಳುಗಿದರೆ ಒಂದೊಂದೂ ಸುಮಾರು ನೂರು ಲೀಟರು ನೀರನ್ನು ಸರಿಸುತ್ತದೆ, ಅಷ್ಟೇ ಕಿಲೋ ಬಲ ಅದನ್ನು ಮೇಲಕ್ಕೆ ನೂಕುತ್ತದೆ. ಟಯರು ದೊಡ್ಡದಾದಷ್ಟೂ ಆ ಬಲ ಹೆಚ್ಚು. ನೀರು ಬಾಡಿಯ ತಳ ಮುಟ್ಟಿದ ಮೇಲೆ ಇಡೀ ಗಾಡಿ ಹಗುರಾಗುತ್ತದೆ. ಗಾಲಿಯ ಮೇಲೆ ಭಾರವಿಲ್ಲದಿದ್ದರೆ ಎಂಥ ಹಲ್ಲಿದ್ದರೂ ಕಚ್ಚುವುದು ಏನನ್ನು? ಅದರ ಮೇಲೆ, ಹರಿವು ಬದಿಯಿಂದ ಗುದ್ದಲು ಎತ್ತರದ ಗಾಡಿ ಎತ್ತರದ ಗೋಡೆ ಒಡ್ಡಿ ನಿಂತಿರುತ್ತದೆ.

ಕಾಕಾನ ಮಗ ಅಳುತ್ತಿದ್ದ. ಗಾಡಿ ಹಿಂದಕ್ಕೆ ಬರುತ್ತಿತ್ತು. ಹಿಂದಿನ ಬೆಳಕಿನಲ್ಲಿ ನಾವು ಬಂದ ಅಚ್ಚುಗಳು ಆಗಲೇ ನೀರು ತುಂಬಿಕೊಂಡಿದ್ದವು.

"ದಿಬ್ಬದ ಮ್ಯಾಲಿಂದ ಹೋಗೂಣು," ಅಂದ ಚಾಚಾ.

ಫರಸಿಯ ಅಂಚು

ಶಹಾಬಾದದ ಖಣಿಗಳನ್ನು ಕಂಡವರಿಗೆ ದಿಬ್ಬ ಗೊತ್ತು. ನಮ್ಮ ಸುಣ್ಣಕಲ್ಲು ಪದರ ಪದರವಾಗಿ ಮಲಗಿದೆ. ಚಪ್ಪಡಿಯಾಗಿ ಏಳುವುದನ್ನು ದೇಶದ ಮನೆಮನೆಗೆ ನೆಲಹಾಸಾಗಿ ಕಳಿಸುತ್ತೇವೆ. ಒಡೆದದ್ದು, ಕೆಲಸಕ್ಕೆ ಬಾರದ್ದು ಖಣಿಯ ದಂಡೆಗೆ ಬೀಳುತ್ತ ಬೀಳುತ್ತ ಗುಡ್ಡವಾಗುತ್ತದೆ. ಹಿಂದೆ ಲಾರಿಗಳು ಓಡಾಡುತ್ತಿದ್ದ ಒಂದು ಏರು ಆ ಗುಡ್ಡದ ನೆತ್ತಿಯ ಮೇಲೆ ಹಾದು, ಹಳ್ಳದ ತಲೆಯನ್ನು ಸುತ್ತಿಕೊಂಡು ಶೆಡ್ಡಿನ ಬೆನ್ನಿಗೆ ಇಳಿಯುತ್ತಿತ್ತು. ಎರಡೂ ಬದಿ ಬಿಟ್ಟುಹೋದ ಖಣಿಗಳು. ಆ ರಾತ್ರಿ ಅವು ಅಂಚಿನವರೆಗೂ ತುಂಬಿ ಕಪ್ಪಗೆ ಮಿನುಗುತ್ತಿದ್ದವು.

ಏರಿನ ಬುಡದಲ್ಲಿ ಪಂಪು ಹಚ್ಚಿ ಹವಾ 26ಕ್ಕೆ ಏರಿಸಿದೆವು. ಕೆಸರಿಗೆ ಇಳಿಸಿದ ಹವಾ ಕಲ್ಲಿಗೆ ಆಗದು. ಉಬ್ಬಿದ ಬದಿಗೋಡೆಯನ್ನು ಒಡೆದ ಫರಸಿ ಚಾಕುವಿನಷ್ಟೇ ಸಲೀಸಾಗಿ ಸೀಳುತ್ತದೆ. ಕಾಕಾನ ಮಗ ಬ್ಯಾಟರಿ ಹಿಡಿದು ಮುಂದೆ ನಡೆದ. ನಾನು ಅವನ ಹಿಮ್ಮಡಿ ನೋಡುತ್ತ ಗಾಡಿ ಬಿಟ್ಟೆ.

ಇಲ್ಲಿ ಮಡ್ ಟೆರೇನ್ ಟಯರಿನ ಇನ್ನೊಂದು ಮುಖ ಕಂಡಿತು. ಎರಿಯಲ್ಲಿ ದೇವರಾಗಿದ್ದ ಆ ದೊಡ್ಡ ಹಲ್ಲುಗಳು ನುಣುಪಾದ ಒದ್ದೆ ಚಪ್ಪಡಿಯ ಮೇಲೆ ಜಾರಿದವು. ಒದ್ದೆ ಕಲ್ಲಿಗೆ ಬೇಕಾದದ್ದು ಮೆತ್ತನೆಯ ರಬ್ಬರು, ಸಣ್ಣ ಸಣ್ಣ ಸೀಳುಗಳಿರುವ ಹೆಚ್ಚು ಅಂಚುಗಳು. ಆ ಗುಣ ಆಲ್ ಟೆರೇನ್ ಟಯರಿನಲ್ಲಿ ಹೆಚ್ಚು. ಡಾಂಬರಿನ ಮೇಲೂ ಅದೇ ಮೇಲು, ಸದ್ದೂ ಕಡಿಮೆ. ಎಲ್ಲ ನೆಲಕ್ಕೂ ಒಂದೇ ಟಯರು ಜಗತ್ತಿನಲ್ಲಿ ಇಲ್ಲ. ಇಲ್ಲಿ ನಮ್ಮನ್ನು ಉಳಿಸಿದ್ದು ವೇಗ ಬಿಟ್ಟದ್ದು. ಮೊದಲ ಗೇರು, ನಡಿಗೆಗಿಂತ ನಿಧಾನ, ಬ್ರೇಕಿನ ಮೇಲೆ ಕಾಲಿಲ್ಲ.

ನೆತ್ತಿ ಹತ್ತಿತು. ಆಗ ಟಪ್ಪೆಂದು ಸದ್ದು, ಹಿಂದೆಯೇ ಹುಸ್ಸೆಂಬ ಶಬ್ದ. ಗಾಡಿ ಎಡ ಹಿಂಬದಿಗೆ ವಾಲಿತು. ಎಡಕ್ಕೆ ಖಣಿ.

ಬದಿಗೋಡೆ ಸೀಳಿತ್ತು. ಗಟ್ಟಿ ಗೋಡೆಯ ಟಯರು ಬೇಕೆಂದು ಹುಡುಕಿ ತಂದಿದ್ದೆವು. ಅದೇ ಏರಿನಲ್ಲಿ ಉಳಿದ ಮೂರೂ ಗಾಯ ತಿಂದು ತಡೆದುಕೊಂಡಿದ್ದವು. ನಾಲ್ಕನೆಯದಕ್ಕೆ ಅಂಚು ನೇರ ಹೊಕ್ಕಿತ್ತು.

ಜಾಕ್ ಇಟ್ಟರೆ ಸಡಿಲ ಕಲ್ಲುಗಳಲ್ಲಿ ಹೂತುಹೋಗುತ್ತಿತ್ತು. ಚಾಚಾ ಕತ್ತಲಲ್ಲಿ ತಡವಿ ಒಂದು ದಪ್ಪ ಫರಸಿ ಎಳೆದು ತಂದ. ಅದನ್ನು ಮಟ್ಟಸ ಮಾಡಿ ಮೇಲೆ ಜಾಕ್ ಇಟ್ಟ. ಬೇರೆ ಮೂರು ಗಾಲಿಗೆ ಕಲ್ಲು ಒತ್ತಿದೆವು. ಗಾಡಿ ಇಂಚಿಂಚಾಗಿ ಎದ್ದಿತು. ಪಾನಾ ಜಾರುತ್ತಿತ್ತು, ನಟ್ಟು ಕೈಯಿಂದ ಬಿದ್ದು ಉರುಳುತ್ತಿತ್ತು, ಬ್ಯಾಟರಿಯ ಬೆಳಕು ಕಡಿಮೆಯಾಗುತ್ತಿತ್ತು. ಕೆಳಗಿನಿಂದ ಯಾರೋ ಕೂಗಿದ ಹಾಗೆ ಕೇಳಿಸಿತು. ಮಗುವಿನ ದನಿ.

ಸ್ಟೆಪ್ನಿ ಇಳಿಸಿದೆವು. ಅದೂ 265/75. ಟಯರು ಹಾಕಿಸುವಾಗ ಅಂಗಡಿಯವರು ನಾಲ್ಕು ಸಾಕು ಅಂದಿದ್ದರು. ಚಾಚಾ ಐದಕ್ಕೇ ಕಟ್ಟುಬಿದ್ದಿದ್ದ. ಫೋರ್ ವೀಲಿನಲ್ಲಿ ಮುಂದಿನ ಹಿಂದಿನ ಇರಚು ಕೂಡಿಯೇ ತಿರುಗುತ್ತವೆ. ಒಂದು ಗಾಲಿ ಗಿಡ್ಡದಾದರೆ ಅದು ಬೇರೆಯವಕ್ಕಿಂತ ಹೆಚ್ಚು ಸುತ್ತಬೇಕು, ಆ ತಿಕ್ಕಾಟವನ್ನು ಗೇರು ಶಾಫ್ಟುಗಳು ನುಂಗಬೇಕು, ಹಿಡಿತವಿರುವ ನೆಲದಲ್ಲಿ ಏನಾದರೂ ಒಂದು ಮುರಿಯುತ್ತದೆ. ಆ ದಿಬ್ಬದ ಮೇಲೆ ಹಳೆಯ ಸಣ್ಣ ಸ್ಟೆಪ್ನಿ ಇದ್ದಿದ್ದರೆ ನಾವು ಫೋರ್ ವೀಲು ಬಿಡಬೇಕಿತ್ತು. ಬಿಟ್ಟಿದ್ದರೆ ಇಳಿದು ಮತ್ತೆ ಏರುವುದು ಆಗುತ್ತಲೇ ಇರಲಿಲ್ಲ.

ಶೆಡ್ಡು

ನೀರು ಶೆಡ್ಡಿನ ಕಟ್ಟೆ ಮುಟ್ಟಿತ್ತು. ಕಾಕಾ ಮೊಣಕಾಲುದ್ದ ನೀರಿನಲ್ಲಿ ನಿಂತು ಕಂದೀಲು ಎತ್ತಿ ಹಿಡಿದಿದ್ದ. ಕಾಕು ಎರಡು ಕೂಸುಗಳನ್ನು ಬಗಲಲ್ಲಿ ಅವಚಿಕೊಂಡಿದ್ದಳು. "ಬಂದ್ಯಾ ಯಪ್ಪಾ!" ಅಂದವಳು ಮಗನ ಮುಖ ನೋಡಿ ಮುಂದೆ ಮಾತಾಡಲಿಲ್ಲ.

ಹನ್ನೊಂದು ಮಂದಿ. ಮಕ್ಕಳು, ಬಾಣಂತಿ ಒಳಗೆ. ಉಳಿದವರು ಹಿಂದೆ, ನಿಲ್ಲದೆ, ಕೆಳಗೆ ಕುಳಿತು. ಎತ್ತರಿಸಿದ ಗಾಡಿಯಲ್ಲಿ ಭಾರ ಮೇಲಿದ್ದರೆ ಅದು ಮಗುಚುತ್ತದೆ. ಪಾತ್ರೆ, ಗಂಟು, ಹೊಲಿಗೆ ಮಷಿನು ಎಲ್ಲ ಅಲ್ಲೇ ಉಳಿದವು.

"ಹವಾ," ಅಂದ ಚಾಚಾ.

ಮಂದಿ ಚೀರುತ್ತಿದ್ದರು, ನೀರು ಡಿಸ್ಕಿನ ಅಂಚಿಗೆ ಬಂದಿತ್ತು, ಚಾಚಾ ಪಂಪಿನ ಪೈಪು ಹಿಡಿದು ಹಿಂದಿನ ಎರಡು ಗಾಲಿಗೆ ಹವಾ ತುಂಬುತ್ತಿದ್ದ. ಆ ನಿಮಿಷಗಳಲ್ಲಿ ಅವನನ್ನು ಎಳೆದು ಒಳಹಾಕಬೇಕೆನಿಸಿತು. ಆದರೆ ಟಯರು ಭಾರ ಹೊರುವುದು ಹವಾದ ಬಲದಿಂದ. ಬದಿಯಲ್ಲಿ ಅಚ್ಚಾದ ಭಾರದ ಅಂಕಿ 123 ಇದ್ದರೆ ಆ ಟಯರು 1,550 ಕಿಲೋ ಹೊರಬಲ್ಲದು, 112 ಇದ್ದರೆ 1,120. ಪೂರ್ತಿ ಹವಾ ಇದ್ದಾಗಿನ ಲೆಕ್ಕ ಅದು. ಹವಾ ಇಳಿದರೆ ಆ ಶಕ್ತಿಯೂ ಇಳಿಯುತ್ತದೆ. ಇಳಿದ ಹವಾದಲ್ಲಿ ಹನ್ನೊಂದು ಮಂದಿಯನ್ನು ಒಡೆದ ಕಲ್ಲಿನ ಮೇಲೆ ಒಯ್ದರೆ ಇನ್ನೊಂದು ಟಯರು ಹೋಗುವುದು ಖಂಡಿತ. ಇನ್ನೊಂದು ಸ್ಟೆಪ್ನಿ ಇರಲಿಲ್ಲ.

ಏರು ಹತ್ತಿದೆವು. ನೆತ್ತಿಯಲ್ಲಿ ಬೆಳಕು ಚೆಲ್ಲಿದರೆ ಎದೆ ಧಸಕ್ಕೆಂದಿತು. ನಾವು ಬಂದ ದಾರಿಯ ಅರ್ಧ ಅಗಲ ಕುಸಿದು ಖಣಿಗೆ ಬಿದ್ದಿತ್ತು.

ಉಳಿದದ್ದು ಬಲಗಡೆಯ ಹಳೆಯ ಕವಲು. ಅದಕ್ಕೆ ಒಂದೇ ತಿರುವಿನಲ್ಲಿ ಹೊರಳಲು ಜಾಗವಿಲ್ಲ. ಸ್ಟೇರಿಂಗ್ ಪೂರ್ತಿ ಬಲಕ್ಕೆ, ಒಂದು ಮಾರು ಮುಂದೆ. ಪೂರ್ತಿ ಎಡಕ್ಕೆ, ಅರ್ಧ ಮಾರು ಹಿಂದೆ. ಕಾಕಾನ ಮಗ ಅಂಚಿನಲ್ಲಿ ನಿಂತು "ಇನ್ನ ಒಂದ್ ಗೇಣು... ನಿಲ್ಲ್!" ಎಂದು ಕೂಗುತ್ತಿದ್ದ. ಮತ್ತೆ ಬಲಕ್ಕೆ. ಪ್ರತಿ ಸಲವೂ ಗಾಲಿ ಕೊನೆಯವರೆಗೆ ಹೊರಳಿತು, ಎಲ್ಲಿಯೂ ತಡೆಯಲಿಲ್ಲ. ಬೇಸಗೆಯಲ್ಲಿ ಅಗಲ ಟಯರು ಕೂರಿಸಿ ನೋಡಿದಾಗ ಪೂರ್ತಿ ತಿರುವಿನಲ್ಲಿ ಅದು ಮಡಗಾರ್ಡಿನ ಒಳಗೋಡೆಗೂ ಚಾಸಿಗೂ ಉಜ್ಜುತ್ತಿತ್ತು. ಕಾಕಾನ ಮಗ ಅದನ್ನು ಬಿಟ್ಟುಕೊಟ್ಟದ್ದೂ ಆ ಉಜ್ಜಾಟ ಕಣ್ಣಾರೆ ಕಂಡ ಮೇಲೆಯೇ. ಈಗ ಅವನ ಅವ್ವನನ್ನು ಹೊತ್ತ ಗಾಡಿ ಅವನ ಕಣ್ಣೆದುರೇ ಆ ತಿರುವು ಮುಗಿಸಿತು.

ಇಳಿಜಾರು. ಮೊದಲ ಗೇರು, ಫೋರ್ ಲೋ, ಎಂಜಿನ್ನಿನ ತಡೆಯ ಮೇಲೆಯೇ ಇಳಿದೆವು. ದೊಡ್ಡ ಟಯರು ಭಾರ. ತಿರುಗುತ್ತಿರುವ ಆ ಭಾರವನ್ನು ನಿಲ್ಲಿಸಲು ಬ್ರೇಕಿಗೆ ಹೆಚ್ಚು ಹೊತ್ತು ಬೇಕು, ಒದ್ದೆ ಫರಸಿಯ ಮೇಲೆ ಬ್ರೇಕು ಒತ್ತಿದರೆ ಗಾಲಿ ನಿಂತು ಗಾಡಿ ಜಾರುತ್ತದೆ. ಕೆಳಗೆ ಮೊರಮು. ಅದರಾಚೆ ಡಾಂಬರು. ಶಾಲೆಯ ಕಟ್ಟೆಯ ಮುಂದೆ ನಿಲ್ಲಿಸಿದಾಗ ಹಿಂದಿನಿಂದ ಒಬ್ಬೊಬ್ಬರಾಗಿ ಇಳಿದರು. ಚಾಚಾ ಎಣಿಸಿದ. ಹನ್ನೊಂದು.

ಆ ವಾರ ಭೀಮೆಯೂ ಉಕ್ಕಿತು. ಕಲಬುರಗಿ ಜಿಲ್ಲೆಯ ಹೊಳೆದಂಡೆಯ ಊರುಗಳಿಂದ ಸಾವಿರಾರು ಮಂದಿ ಮನೆ ಬಿಟ್ಟು ಪರಿಹಾರ ಕೇಂದ್ರ ಸೇರಿದರು.

ಟಯರು ಕೊಳ್ಳುವವರಿಗೆ

ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ ಎಲ್ಲ ಕಡೆಯಿಂದ ಹುಡುಗರು ಗಾಡಿ ಎತ್ತರಿಸಿ ದೊಡ್ಡ ಟಯರು ಹಾಕಿಸುತ್ತಿದ್ದಾರೆ. ಅವರಿಗೆ ನನ್ನ ಮಾತು ಇಷ್ಟು.

ನೀವು ಓಡಾಡುವ ನೆಲವನ್ನು ಮೊದಲು ನೋಡಿ, ಟಯರನ್ನು ಆಮೇಲೆ. ಮಳೆಗಾಲವಿಡೀ ಎರಿ ಹೊಲವೇ ನಿಮ್ಮ ದಾರಿಯಾದರೆ ಮಡ್ ಟೆರೇನ್. ಡಾಂಬರು, ಮೊರಮು, ಕಲ್ಲು ಹೆಚ್ಚಾದರೆ ಆಲ್ ಟೆರೇನ್. ಕೊಳ್ಳುವ ಮೊದಲು ಒಂದು ಟಯರು ಕೂರಿಸಿ ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಹಿಂದೆ ಭಾರ ಹೇರಿ ನೋಡಿ. ಭಾರದ ಅಂಕಿ ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಇರಬಾರದು. ಐದೂ ಟಯರು ಒಂದೇ ಅಳತೆಯವಾಗಿರಲಿ. ಟಯರಿನ ಎತ್ತರ ಬದಲಾದರೆ ವೇಗದ ಮೀಟರು ಸುಳ್ಳು ಹೇಳುತ್ತದೆ. ನಮ್ಮ ಗಾಡಿಯಲ್ಲಿ 60 ತೋರಿಸಿದಾಗ ನಿಜವಾದ ವೇಗ ಸುಮಾರು 64. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನ ಪ್ರಕಾರ ಕಂಪನಿ ನಮೂದಿಸಿದ ವಿವರಗಳಿಗಿಂತ ನೋಂದಣಿ ಪತ್ರದ ವಿವರ ಬೇರೆಯಾಗುವಂತೆ ಗಾಡಿ ಬದಲಿಸುವ ಹಾಗಿಲ್ಲ. ಆದ್ದರಿಂದ ಕೆಲಸಕ್ಕೆ ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲಿ, ವಿಮೆಯವರಲ್ಲಿ ಕೇಳಿಕೊಳ್ಳಿ. ಹವಾ ಮೀಟರು, ಪಂಪು, ಜಾಕಿನ ಕೆಳಗಿಡಲು ಒಂದು ಗಟ್ಟಿ ಹಲಗೆ, ಈ ಮೂರು ಗಾಡಿ ಬಿಟ್ಟು ಇಳಿಯಬಾರದು.

ಎಲ್ಲಕ್ಕಿಂತ ದೊಡ್ಡ ಮಾತು ಒಂದಿದೆ. ಹಳ್ಳ ಹರಿಯುತ್ತಿದ್ದರೆ, ಸೇತುವೆಯ ಮೇಲೆ ನೀರು ಓಡುತ್ತಿದ್ದರೆ, ಗಾಡಿ ಹಿಂದಕ್ಕೆ ತಿರುಗಿಸಿ. ಆ ನೀರಿಗೆ ಸಾಕಾಗುವಷ್ಟು ದೊಡ್ಡ ಟಯರನ್ನು ಯಾವ ಕಂಪನಿಯೂ ಮಾಡಿಲ್ಲ.